ಬೀದರಿನ ನೆಲದಡಿಯ ನೀರ್ದಾರಿ

ಬೀದರ ಎಂದೊಡನೆ ಕೋಟೆ, ಮಹಮೂದ್ ಗವಾನನ ಮದರಸಾ, ಬಿದರಿ ಕಲೆ ನೆನಪಾಗುತ್ತವೆ. ನೆಲದೊಳಗೆ ಅಡಗಿರುವ ಇನ್ನೊಂದು ನಿರ್ಮಾಣ ಬಹುಕಾಲ ಯಾರ ಗಮನಕ್ಕೂ ಬಂದಿರಲಿಲ್ಲ. ಊರಂಚಿನ ನೌಬಾದಿನಲ್ಲಿ ಎರಡು ಕಿಲೋಮೀಟರಿಗೂ ಹೆಚ್ಚು ಉದ್ದದ ಸುರಂಗವೊಂದು ಕಲ್ಲನ್ನು ಸೀಳಿಕೊಂಡು ಸಾಗಿದೆ. ಇರಾನಿನಲ್ಲಿ ಇಂಥದ್ದಕ್ಕೆ ಕನಾತ್ ಅಥವಾ ಕರೇಜ್ ಎಂದು ಹೆಸರು. ಇಲ್ಲಿನ ಜನರಿಗೆ ಅದು ಸುರಂಗ ಬಾವಿ.

15ನೇ ಶತಮಾನದ ಮೊದಲ ಭಾಗದಲ್ಲಿ ಬಹಮನಿ ಸುಲ್ತಾನ ಅಹಮದ್ ಷಾ ತನ್ನ ರಾಜಧಾನಿಯನ್ನು ಕಲಬುರ್ಗಿಯಿಂದ ಬೀದರಿಗೆ ತಂದ. ಪ್ರಸ್ಥಭೂಮಿಯ ಅಂಚು ಕೋಟೆಗೆ ಹೇಳಿ ಮಾಡಿಸಿದ ಜಾಗ. ಆದರೆ ಮಾಂಜ್ರಾ ನದಿ ದೂರದ ತಗ್ಗಿನಲ್ಲಿತ್ತು. ಆಸ್ಥಾನಕ್ಕೆ ಇರಾನಿನ ಕಡೆಯ ವಿದ್ವಾಂಸರು, ವರ್ತಕರು, ಕುಶಲಕರ್ಮಿಗಳು ಬಂದು ನೆಲೆಸಿದ್ದರು. ಗವಾನನೂ ಗಿಲಾನಿನವನೇ. ಕರೇಜ್ ವಿದ್ಯೆ ಈ ನಂಟಿನ ಮೂಲಕವೇ ಬಂದಿತೆಂದು ತಿಳಿಯಲಾಗಿದೆ.

ವಿದ್ಯೆ ಹೊರಗಿನದಾದರೂ ಅದಕ್ಕೆ ನೆಲ ಒಪ್ಪಬೇಕಿತ್ತು. ಬೀದರಿನ ಮೇಲ್ಪದರ ತೂತುತೂತಾದ ಜಂಬಿಟ್ಟಿಗೆ. ಅದರ ಕೆಳಗಿರುವುದು ಗಟ್ಟಿಯಾದ ಕಪ್ಪು ಶಿಲೆ. ಮಳೆನೀರು ಜಂಬಿಟ್ಟಿಗೆಯಲ್ಲಿ ಇಂಗಿ, ಕೆಳಗಿಳಿಯಲಾರದೆ ಅಲ್ಲೇ ನಿಲ್ಲುತ್ತದೆ. ಸುರಂಗವನ್ನು ಈ ನೀರು ಇರುವ ಪದರದಿಂದ ತಗ್ಗಿನತ್ತ ಅತಿ ಸಣ್ಣ ಇಳಿಜಾರಿನಲ್ಲಿ ತೋಡುತ್ತಿದ್ದರು. ಇಳಿಜಾರು ಹೆಚ್ಚಾದರೆ ನೀರಿನ ಸೆಳೆತಕ್ಕೆ ತಳ ಕೊರೆಯುತ್ತದೆ, ಕಡಿಮೆಯಾದರೆ ಹೂಳು ಕಟ್ಟುತ್ತದೆ. ಮಣ್ಣು ಎತ್ತಲು, ಗಾಳಿ ಬೆಳಕು ಬರಲು ದಾರಿಯುದ್ದಕ್ಕೂ ಬಾವಿಯಂಥ ಬಾಯಿಗಳು. ಕಾಸರಗೋಡು, ದಕ್ಷಿಣ ಕನ್ನಡದ ಗುಡ್ಡಗಳಲ್ಲಿ ರೈತರು ತೋಡುವ ಸುರಂಗಗಳೂ ಜಂಬಿಟ್ಟಿಗೆಯ ಇದೇ ಗುಣವನ್ನು ನೆಚ್ಚಿಕೊಂಡಿವೆ.

ಕರೇಜಿನಲ್ಲಿ ನೀರು ಎತ್ತುವ ಕೆಲಸವೇ ಇಲ್ಲ; ಅದು ತಾನಾಗಿ ಹರಿದು ಬರುತ್ತದೆ. ಸುರಂಗದ ಮಟ್ಟಕ್ಕಿಂತ ಮೇಲಿರುವಷ್ಟು ಅಂತರ್ಜಲ ಮಾತ್ರ ಸಿಗುತ್ತದೆ. ಮಳೆ ಕೈಕೊಟ್ಟ ವರ್ಷ ಹರಿವು ತಗ್ಗುತ್ತದೆ, ಊರು ತನ್ನ ಬಳಕೆ ತಗ್ಗಿಸಲೇಬೇಕು. ನೀರನ್ನು ಬೆನ್ನಟ್ಟಿ ಆಳಕ್ಕೆ ಹೋಗುವ ಆಸೆಗೆ ಇಲ್ಲಿ ಎಡೆಯಿಲ್ಲ.

ಕೊಳವೆ ಬಾವಿಗೆ ಅಂಥ ಅಂಕೆಯಿಲ್ಲ. ನೀರು ಇಳಿದಂತೆ ಪಂಪನ್ನೂ ಇಳಿಸಬಹುದು, ಇನ್ನಷ್ಟು ಕೊರೆಸಬಹುದು. ನಿರ್ದಿಷ್ಟ ಹರಿವಿನಲ್ಲಿ ಸಾಗದ ನೆಲದಡಿಯ ನೀರನ್ನು ಭೂಮಿಯ ಒಡೆಯ ತನ್ನ ಎಲ್ಲೆಯೊಳಗೆ ಬಳಸಿಕೊಳ್ಳಬಹುದೆಂಬ ಹಕ್ಕನ್ನು 1882ರ ಭಾರತೀಯ ಅನುಭೋಗ ಹಕ್ಕುಗಳ ಕಾಯ್ದೆ ಗುರುತಿಸಿತ್ತು. ಏತ, ಕಪಿಲೆಗಳ ಕಾಲದಲ್ಲಿ ಅದರಿಂದ ದೊಡ್ಡ ಹಾನಿಯಾಗುವಂತಿರಲಿಲ್ಲ, ಎತ್ತುಗಳು ಎಷ್ಟೆಂದು ಎಳೆದಾವು? ವಿದ್ಯುತ್ ಪಂಪು ಬಂದ ಮೇಲೆ ಒಬ್ಬನ ಹಕ್ಕು ನೆರೆಯವನ ಬಾವಿಯನ್ನೇ ಬತ್ತಿಸತೊಡಗಿತು. ಕೊರೆಯುವುದಕ್ಕೆ ಕಡಿವಾಣ ಹಾಕಲು ಕರ್ನಾಟಕ 2011ರಲ್ಲಿ ಅಂತರ್ಜಲ ಕಾಯ್ದೆ ತಂದಿತು. ಕಾಗದದ ಮೇಲಿನ ಮಿತಿ ಕಲ್ಲಿನಲ್ಲಿ ಕಡೆದ ಮಿತಿಯಷ್ಟು ಗಟ್ಟಿಯಲ್ಲ.

ಈಗ ಮಳೆಯ ರೀತಿಯೂ ಬದಲಾಗುತ್ತಿದೆ. ದಿನಗಟ್ಟಲೆ ಹನಿಯಬೇಕಾದದ್ದು ಕೆಲವೇ ಗಂಟೆಗಳಲ್ಲಿ ಸುರಿದರೆ ಇಂಗುವುದಕ್ಕಿಂತ ಹರಿದು ಹೋಗುವುದೇ ಹೆಚ್ಚು. ಮೇಲೆ ಕಾಂಕ್ರೀಟು ಹರಡಿದಂತೆ ಇಂಗುವ ನೆಲವೂ ಕಿರಿದಾಗುತ್ತದೆ. ಸುರಂಗ ಎಷ್ಟೇ ಗಟ್ಟಿಯಾಗಿ ಉಳಿದರೂ ಅದರ ಮೇಲಿನ ಬಯಲು ತೆರೆದಿರದಿದ್ದರೆ ನೀರಿಲ್ಲ.

2010ರ ದಶಕದಲ್ಲಿ ಸಂಶೋಧಕರು ನೌಬಾದಿನ ಬಾಯಿಗಳನ್ನು ಒಂದೊಂದಾಗಿ ಹುಡುಕಿ ಗುರುತಿಸಿದರು, ಹೂಳು ತೆಗೆಯುವ ಕೆಲಸವೂ ನಡೆಯಿತು. ಕೆಲವು ಬಾಯಿಗಳು ಕಸ, ಮಣ್ಣು ತುಂಬಿ ಮುಚ್ಚಿಹೋಗಿದ್ದವು. ಹೂಳನ್ನು ಒಂದು ಬೇಸಿಗೆಯಲ್ಲಿ ತೆಗೆಯಬಹುದು. ಸುರಂಗದ ಮಗ್ಗುಲಲ್ಲಿ ಕೊಳವೆ ಬಾವಿ ಕೊರೆದರೆ ಮಾತ್ರ ಅದು ಎಳೆಯುವುದು ಅದೇ ಜಂಬಿಟ್ಟಿಗೆಯ ನೀರನ್ನೇ.