ತಿಪ್ಪೆಯ ನುಸಿ ಮತ್ತು ನಷ್ಟದ ಲೆಕ್ಕ

ಬೆಳಗಾವಿ ಸೀಮೆಯ ತೊರಗಲ್ ನಾಡಿನ ಇತಿಹಾಸ ಬರೆಯುವವರಿಗೆ ಸಾಮಗ್ರಿಯ ಬರವಿಲ್ಲ. ಶಾಸನಗಳ ತೊರಗಲೆ ಆರುಸಾವಿರ, ಸವದತ್ತಿಯ ರಟ್ಟರು, 1824ರ ಕಿತ್ತೂರು ಕಾಳಗ, ಸ್ವಾತಂತ್ರ್ಯದವರೆಗೂ ಉಳಿದ ರಾಮದುರ್ಗ ಸಂಸ್ಥಾನ ಎಲ್ಲವೂ ದಾಖಲೆಯಲ್ಲಿವೆ. 1884ರಲ್ಲಿ ಅಚ್ಚಾದ ಬೆಳಗಾವಿ ಗ್ಯಾಸೆಟಿಯರ್ ಮಣ್ಣು, ಬೆಳೆ, ದನಕರುಗಳನ್ನೂ ಲೆಕ್ಕಕ್ಕೆ ಹಿಡಿದಿದೆ. ಈ ಸೀಮೆಯ ಹೊಲಗಳನ್ನು ತಲೆತಲಾಂತರದಿಂದ ಸಾಕಿದ ತಿಪ್ಪೆಯನ್ನು ಮಾತ್ರ ಅಳೆದದ್ದು ಚಕ್ಕಡಿಗಳಲ್ಲಿ. ಎಷ್ಟು ಹೇರಿದರು, ಎಷ್ಟು ಹರವಿದರು ಎಂಬಲ್ಲಿಗೆ ಮಾತು ಮುಗಿಯಿತು. ಆ ಹೆಂಡಿ, ಕಸಕಡ್ಡಿಗಳ ನಡುವೆ ಬದುಕುವ ಎಂಟು ಕಾಲಿನ ನುಸಿಗಳನ್ನು ಇತಿಹಾಸದ ವಿಷಯವೆಂದು ಯಾರೂ ಬಗೆಯುವುದಿಲ್ಲ. ಬಗೆಯಬೇಕು ಎನ್ನುವುದು ನನ್ನ ವಾದ. ನುಸಿಗಳಿಗೆ ಹೆಸರು ಹುಟ್ಟಿದ ಕಥೆಯನ್ನು ಹಿಂಬಾಲಿಸಿದರೆ, ಬಹುಪಾಲು ಅದು ಯಾರದೋ ಗಂಟು ಕರಗಿದ ಕಥೆಯೇ ಆಗಿರುತ್ತದೆ.

ನಮ್ಮ ದೇಶದ ಉದಾಹರಣೆಯನ್ನೇ ನೋಡೋಣ. ಚಹಾ ತೋಟಗಳನ್ನು ಕಾಡುವ ಕೆಂಪು ನುಸಿಯನ್ನು 1861ರಲ್ಲಿ ಪ್ರಕೃತಿತಜ್ಞ ನೀಟ್ನರ್ ವರ್ಣಿಸಿದ್ದು ಸಿಂಹಳದ ಕಾಫಿ ಗಿಡಗಳ ಮೇಲೆ. 1868ರ ಹೊತ್ತಿಗೆ ಅಸ್ಸಾಮಿನ ಚಹಾ ತೋಟಗಳಲ್ಲಿ ಅದರ ಹಾವಳಿ ದಾಖಲಾಯಿತು. ಕರ್ನಾಟಕದಲ್ಲಿ ನುಸಿವಿಜ್ಞಾನಕ್ಕೆ ಬುನಾದಿ ಹಾಕಿದ ಜಿ.ಪಿ. ಚನ್ನಬಸವಣ್ಣನವರು 1966ರಲ್ಲಿ ಪ್ರಕಟಿಸಿದ ಗ್ರಂಥದ ವಸ್ತು, ಗಿಡಗಳ ರಸ ಹೀರುವ ಎರಿಯೋಫಿಡ್ ನುಸಿಗಳು. 1986ರಲ್ಲಿ ಏಳನೆಯ ಅಂತರರಾಷ್ಟ್ರೀಯ ನುಸಿವಿಜ್ಞಾನ ಸಮ್ಮೇಳನ ಬೆಂಗಳೂರಿನಲ್ಲೇ ನಡೆಯಿತು. ಅಲ್ಲಿನ ಕೃಷಿ ವಿಶ್ವವಿದ್ಯಾಲಯ ಬೆಳೆ ನುಸಿಗಳ ಅಖಿಲ ಭಾರತ ಸಂಶೋಧನಾ ಜಾಲಕ್ಕೆ ಕೇಂದ್ರವಾಯಿತು. ಸಾಮಾನ್ಯ ಓದುಗರಿಗೆ ನುಸಿಯ ಪರಿಚಯವಾದದ್ದು ಇನ್ನೂ ತಡವಾಗಿ. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ತೆಂಗಿನ ನುಸಿ ನಮ್ಮ ತೋಟಗಳಿಗೂ ಹಬ್ಬಿ, ಕಾಯಿಗಳು ಸುಕ್ಕುಗಟ್ಟಿ ಬೆಲೆ ಕಳೆದುಕೊಂಡಾಗ. ತಿಪ್ಪೆಯ ನುಸಿ ಯಾರ ಕಾಯಿಯನ್ನೂ ಕೆಡಿಸಲಿಲ್ಲ. ಅದರ ಪರವಾಗಿ ಅರ್ಜಿ ಕೊಡುವವರು ಯಾರಿದ್ದರು?

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಲೇಬೇಕು. ಸಗಣಿಯ ನುಸಿಗಳಲ್ಲೇ ಹೆಚ್ಚು ಪರಿಚಿತವಾದ ಮ್ಯಾಕ್ರೋಕೀಲಿಸ್ ಮಸ್ಕೆಡೊಮೆಸ್ಟಿಸೆಗೆ ಪ್ರಕೃತಿತಜ್ಞ ಸ್ಕೋಪೋಲಿ ಹೆಸರಿಟ್ಟದ್ದು 1772ರಷ್ಟು ಹಿಂದೆ, ಅದೂ ಬರಿಯ ಕುತೂಹಲದಿಂದ. ಒಪ್ಪತಕ್ಕ ಮಾತೇ. ಆದರೆ ಆ ಹೆಸರಿನಲ್ಲೇ ಮನೆನೊಣ ಕೂತಿದೆ ಎನ್ನುವುದನ್ನು ಮರೆಯಬಾರದು. ಈ ನುಸಿಗೆ ರೆಕ್ಕೆಯಿಲ್ಲ. ಹೆಣ್ಣು ನುಸಿ ನೊಣದ ಮೈಗೆ ಅಂಟಿಕೊಂಡು ಹೊಸ ಸಗಣಿಗೆ ಬಂದಿಳಿಯುತ್ತದೆ, ಇಳಿದ ಮೇಲೆ ಆ ನೊಣದ ಕುಲದ್ದೇ ಮೊಟ್ಟೆಗಳನ್ನೂ ಎಳೆಯ ಹುಳಗಳನ್ನೂ ತಿನ್ನುತ್ತದೆ. ಬಾಡಿಗೆ ಕೊಡದ ಪ್ರಯಾಣಿಕ ಬಂಡಿಯವನ ಮನೆಗೇ ಕನ್ನ ಹಾಕಿದಂತೆ. ನೊಣದ ಕಾಟಕ್ಕೆ ಮದ್ದು ಹುಡುಕುವವರು ಇದರ ಹಿಂದೆ ಬಿದ್ದದ್ದು ಸಹಜ. ನುಸಿಗಳನ್ನು ರಾಶಿಗಟ್ಟಲೆ ವರ್ಣಿಸಿದ ಇಟಲಿಯ ಬೆರ್ಲೀಸೆ ಕೂಡ ಸಂಬಳ ಪಡೆದದ್ದು ಫ್ಲಾರೆನ್ಸಿನ ಕೃಷಿ ಕೀಟಶಾಸ್ತ್ರ ಕೇಂದ್ರದಿಂದ. ಕುತೂಹಲ ಹೆಸರು ಕೊಡುತ್ತದೆ, ನಿಜ. ಆದರೆ ಅದಕ್ಕೊಂದು ಸಂಗ್ರಹಾಲಯ, ಒಂದು ಹುದ್ದೆ, ನೂರಾರು ಗಾಜಿನ ಪಟ್ಟಿಗಳನ್ನು ಜೋಪಾನ ಮಾಡುವ ಕಪಾಟು ಬೇಕು. ಅವುಗಳ ಖರ್ಚಿಗೆ ನಷ್ಟದ ಲೆಕ್ಕವೇ ಮೂಲ.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ದನ ಇದ್ದಲ್ಲೆಲ್ಲ ಇವೇ ನುಸಿಗಳು, ನೊಣ ಹೋದಲ್ಲೆಲ್ಲ ಹೋಗುತ್ತವೆ. ರಾಮದುರ್ಗದ ತಿಪ್ಪೆ ಕೆದಕಿದರೆ ಹೊಸದೇನು ಸಿಕ್ಕೀತು ಎಂದು ಕೇಳಬಹುದು. ಮನೆನೊಣದ ನುಸಿಯ ಮಟ್ಟಿಗೆ ಇದು ಸರಿ, ಅದು ಲೋಕಸಂಚಾರಿ. ಸಗಣಿ ಹುಳಗಳ ಮೇಲೆ ಸವಾರಿ ಮಾಡುವ ನುಸಿಗಳ ಕಥೆ ಬೇರೆ. ಮ್ಯಾಕ್ರೋಕೀಲಿಸ್ ಗ್ಲೇಬರ್ ಎಂಬ ಗುಂಪಿನಲ್ಲಿ ನೋಡಲು ಒಂದೇ ತೆರನಾದ ಹಲವು ಪ್ರಭೇದಗಳಿವೆ. ಎದೆಯ ಫಲಕದ ಗೆರೆ, ಬೆನ್ನಿನ ರೋಮದ ತುದಿ ಚೂಪೋ ಕವಲೋ ಎಂಬುದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಯೇ ಬೇರ್ಪಡಿಸಬೇಕು. ದಕ್ಷಿಣ ಆಫ್ರಿಕಾದ ಇಂಥ ಒಂದು ನುಸಿಗೆ ನುಸಿತಜ್ಞ ಕ್ರಾಂಟ್ಜ್ 1981ರಲ್ಲಿ ಪೆರೆಗ್ರಿನಸ್ ಎಂದು ಹೆಸರಿಟ್ಟರು. ಎಮ್ಮೆನೊಣದಿಂದ ಬಸವಳಿದಿದ್ದ ಆಸ್ಟ್ರೇಲಿಯಕ್ಕೆ ಅದೇ ನುಸಿಯನ್ನು ನೊಣದ ವೈರಿಯಾಗಿ ಕೊಂಡೊಯ್ದರು. ಎಲ್ಲ ಒಂದೇ ಎಂದು ತಳ್ಳಿಹಾಕಿದ್ದರೆ ಈ ಕೆಲಸ ಆಗುತ್ತಿರಲಿಲ್ಲ. ಆದರೆ ಈ ಕೆಲಸವೂ ನಷ್ಟದ ಲೆಕ್ಕದ ಮೇಲೆಯೇ ನಡೆಯಿತು.

ಅಲ್ಲದೆ ತೊರಗಲ್ ಸೀಮೆಯ ಗೊಬ್ಬರ ಒಂದೇ ಬಗೆಯದಲ್ಲ. ದನ ಕಟ್ಟುವ ಹಕ್ಕಿಯಿಂದ ದಿನವೂ ತಂದು ಸುರಿಯುವ ಹೆಂಡಿ ತಿಪ್ಪೆಯೊಳಗೆ ತಿಂಗಳುಗಟ್ಟಲೆ ತೇವವಾಗಿ, ಬಿಸಿಯಾಗಿ ಕೊಳೆಯುತ್ತದೆ. ಕುರುಬರು ಹೊಲದಲ್ಲಿ ಕುರಿ ನಿಲ್ಲಿಸಿ ಹೋದಾಗ ಉಳಿಯುವ ಹಿಕ್ಕಿ ಬಿಸಿಲಿಗೆ ಬೇಗ ಒಣಗಿ ಎರೆಮಣ್ಣಿನಲ್ಲಿ ಚದುರುತ್ತದೆ. ಒಂದು ನುಸಿಗೆ ಹಿತವಾದದ್ದು ಇನ್ನೊಂದಕ್ಕೆ ಮರುಭೂಮಿ. ಅದಕ್ಕೆ ಸವದತ್ತಿಯ ಯಲ್ಲಮ್ಮನ ಗುಡ್ಡದ ಹುಣ್ಣಿಮೆ ಜಾತ್ರೆಗಳನ್ನೂ ಸೇರಿಸಿ ನೋಡಬೇಕು: ದೂರದೂರಿನ ಎತ್ತುಗಳು ಚಕ್ಕಡಿ ಕಟ್ಟಿಕೊಂಡು ಬಂದು ತಂಗುವ ಜಾಗದಲ್ಲಿ ನೊಣಗಳೂ ಸಗಣಿ ಹುಳಗಳೂ ಕಲೆಯುತ್ತವೆ, ಅವುಗಳ ಮೇಲಿನ ಸವಾರರೂ. ದನ ಮೇಯಿಸುವ, ಕುರಿ ಒಯ್ಯುವ, ಜಾತ್ರೆಗೆ ಹೋಗುವ ದಾರಿಗಳು ಹೀಗೆ ನುಸಿಯ ದಾರಿಗಳೂ ಹೌದು. ಅರಸರ ಗಡಿಗಳಿಗಿಂತ ಇವು ಹಳೆಯವಿರಬಹುದು.

ಈ ವ್ಯವಸ್ಥೆ ನಿಂತ ನೀರಲ್ಲ. 1970ರ ದಶಕದಲ್ಲಿ ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭೆಯ ನೀರು ಕಾಲುವೆಗೆ ಬಂತು, ರಸಗೊಬ್ಬರ ಬಂತು, ಟ್ರ್ಯಾಕ್ಟರು ಬಂದ ಮನೆಯಲ್ಲಿ ಎತ್ತುಗಳು ಕಡಿಮೆಯಾದವು. ದನಗಳಿಗೆ ಕೊಡುವ ಐವರ್ಮೆಕ್ಟಿನ್ ಔಷಧ ಸಗಣಿಯಲ್ಲಿ ಉಳಿದು ಸಗಣಿ ಹುಳದ ಮರಿಗಳನ್ನು ಕೊಲ್ಲುತ್ತದೆ, ವಾಹನ ಹೋದರೆ ಸವಾರನೂ ಹೋದ. ಇವು ಅಳಿಯುವ ಮೊದಲೇ ದಾಖಲಿಸಬೇಕು. ಹೊಸ ಪ್ರಭೇದವೆಂದು ಸಾರಲು ಮಾದರಿಯ ಗಾಜಿನ ಪಟ್ಟಿಯೊಂದು ಬೇಕು, ಯಾವ ಊರು, ಯಾವ ದಿನ, ಯಾವ ಪ್ರಾಣಿಯ ಸಗಣಿ ಎಂಬ ಚೀಟಿಯ ಸಮೇತ. ಸಾಮಾನು ದೊಡ್ಡದೇನಲ್ಲ: ತಗಡಿನ ಲಾಳಿಕೆ, ಜಾಲರಿ, ಮೇಲೊಂದು ಬಲ್ಬು, ಕೆಳಗೆ ಮದ್ಯಸಾರದ ಶೀಸೆ, ಶಾಖಕ್ಕೆ ಹೆದರಿ ನುಸಿಗಳು ತಾವಾಗಿಯೇ ಕೆಳಗಿಳಿಯುತ್ತವೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ದೂರವಿಲ್ಲ. ಆದರೆ ಒಮ್ಮೆ ಹಿಡಿ ಗೊಬ್ಬರ ತಂದು ಸೋಸಿದರೆ ಸಾಲದು. ಹಸಿ ಹೆಂಡಿಗೆ ನೊಣದ ಬೆನ್ನೇರಿ ಮೊದಲು ಬರುವವು ಬೇರೆ, ಹಳೆ ತಿಪ್ಪೆಯಲ್ಲಿ ನೆಲೆಸುವ ಯುರೋಪೊಡಿಡ್ ಎಂಬ ಬಗೆಯ ನುಸಿಗಳು ಬೇರೆ. ಹಾಗಾಗಿ ಒಂದೇ ತಿಪ್ಪೆಯನ್ನು ಮಳೆಗಾಲದಲ್ಲೂ ನೋಡಬೇಕು, ಬೇಸಿಗೆಯಲ್ಲಿ ಗೊಬ್ಬರ ಹೇರುವಾಗ ಅದರ ತಳವನ್ನೂ ನೋಡಬೇಕು.