ಕುಪ್ಪಿಗಿಡ

ಬೇರಿನ ವಾಸನೆಯಿಂದ ಬೆಕ್ಕುಗಳಿಗೆ ಮತ್ತೇರಿಸುವ ಏಕವಾರ್ಷಿಕ ಕಳೆ. ಹರಳು ಗಿಡದ ಕುಟುಂಬವಾದ ಯೂಫೋರ್ಬಿಯೇಸೀಗೆ ಸೇರಿದೆ. ಶಾಸ್ತ್ರೀಯ ಹೆಸರು ಅಕಲೈಫಾ ಇಂಡಿಕಾ. 1753ರಲ್ಲಿ ಲಿನೇಯಸ್ ಕೊಟ್ಟದ್ದು. ಸಂಸ್ಕೃತದಲ್ಲಿ ಹರಿತಮಂಜರಿ. ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಿಂದ ಹೊಸೂರಿನತ್ತ ತಮಿಳುನಾಡಿನ ಗಡಿ ದಾಟಿದರೆ ಕುಪ್ಪೈಮೇನಿ. ತಮಿಳರು ಇದನ್ನು ಪೂನೈವಣಂಗಿ, ಅಂದರೆ ಬೆಕ್ಕು ನಮಿಸುವ ಗಿಡ ಎಂದೂ ಕರೆಯುತ್ತಾರೆ. ಗಿಡದ ಗುಣವನ್ನು ಇಷ್ಟು ಚೆನ್ನಾಗಿ ಹಿಡಿದ ಹೆಸರು ಮತ್ತೊಂದಿಲ್ಲ.

ಮೊಣಕಾಲೆತ್ತರದ ಗಿಡ. ಉದ್ದ ತೊಟ್ಟು, ಗರಗಸದಂಚಿನ ಎಲೆ. ಎಲೆಯ ಕಂಕುಳಲ್ಲಿ ಹಸಿರು ತೆನೆ. ಅದರ ಮೇಲೆ ಬಟ್ಟಲಿನಂಥ ಪುಷ್ಪಪತ್ರಗಳೊಳಗೆ ಹೆಣ್ಣು ಹೂಗಳು, ತುದಿಯತ್ತ ಸೂಕ್ಷ್ಮ ಗಂಡು ಹೂಗಳು. ಮಳೆ ಬಿದ್ದರೆ ಸಾಕು, ವೈಟ್‌ಫೀಲ್ಡ್‌ನ ಖಾಲಿ ಸೈಟುಗಳಲ್ಲಿ, ಕಾಂಪೌಂಡಿನ ಬುಡದಲ್ಲಿ, ಚರಂಡಿಯಂಚಿನಲ್ಲಿ ಏಳುತ್ತದೆ.

ನಿಂತ ಗಿಡದ ಪಕ್ಕದಲ್ಲೇ ಬೆಕ್ಕು ಸುಮ್ಮನೆ ಹಾದುಹೋಗುತ್ತದೆ. ಕಳೆ ಕಿತ್ತು ಬೇರು ಬಯಲಾದಾಗ ಮಾತ್ರ ಬೆಕ್ಕಿನ ವರ್ತನೆಯೇ ಬದಲಾಗುತ್ತದೆ: ಮೂಸುತ್ತದೆ, ನೆಕ್ಕುತ್ತದೆ, ಕೆನ್ನೆ ಉಜ್ಜುತ್ತದೆ, ಬೇರನ್ನು ತಬ್ಬಿ ಹೊರಳಾಡುತ್ತದೆ. ಕಾಡುಬಿದ್ದ ಬೆಕ್ಕುಗಳ ಹಾವಳಿಯಿದ್ದ ಕ್ರಿಸ್‌ಮಸ್ ದ್ವೀಪದಲ್ಲಿ ಈ ಬೇರು ಒಳ್ಳೆಯ ಆಮಿಷವಾಗಬಹುದೆಂದು ಕಂಡುಬಂದ ಮೇಲೆ ಆಸ್ಟ್ರೇಲಿಯದ ಸಂಶೋಧಕರು ಕಾರಣ ಹುಡುಕಿದರು. ಐಸೊಡೈಹೈಡ್ರೊನೆಪೆಟಲಾಕ್ಟೋನ್, ಐಸೊಇರಿಡೊಮಿರ್ಮೆಸಿನ್ ಎಂಬ ಇರಿಡಾಯ್ಡ್‌ಗಳೇ ಆ ಕಾರಣ ಎಂದು 2016ರಲ್ಲಿ ಪ್ರಕಟಿಸಿದರು.

ಇದೇ ರಾಸಾಯನಿಕ ಬಳಗ ಜಪಾನಿನ ಮತತಾಬಿ ಬಳ್ಳಿಯಲ್ಲೂ ಇದೆ. ಅದು ಕಿವಿ ಹಣ್ಣಿನ ಸಂಬಂಧಿ, ತಂಪು ಬೆಟ್ಟಗಳಲ್ಲಿ ಮರವನ್ನಪ್ಪಿ ಏರುವಂಥದು. 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪರೀಕ್ಷಿಸಿದ 100 ಬೆಕ್ಕುಗಳಲ್ಲಿ ಸುಮಾರು 80 ಇದಕ್ಕೆ ಮರುಳಾದವು. ಹೊರಳಾಟ ಬರೀ ಮೋಜಲ್ಲ: ಬಳ್ಳಿಯಲ್ಲಿರುವ ನೆಪೆಟಲಾಕ್ಟಾಲ್ ಎಂಬ ರಾಸಾಯನಿಕ ಮೈಗೆ ಹತ್ತಿದ ಬೆಕ್ಕಿನ ಬಳಿ ಸೊಳ್ಳೆ ಕಡಿಮೆ ಸುಳಿಯುತ್ತದೆ ಎಂದು ಇವಾಟೆ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ತೋರಿಸಿದರು. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಬೆಕ್ಕು ಸಾಕುವವರು ಆ ಬಳ್ಳಿಯ ಕಡ್ಡಿಗಳನ್ನು ಆನ್‌ಲೈನಿನಲ್ಲಿ ಕೊಳ್ಳಬಹುದು. ಅದರ ಗುಣವೇ ಇರುವ ನಮ್ಮ ಗಿಡವನ್ನು ಹುಲ್ಲಿನ ಜೊತೆ ಕಿತ್ತೆಸೆಯುತ್ತೇವೆ.

ಮನೆಮದ್ದಿನಲ್ಲಿ ಎಲೆಯನ್ನು ಉಪ್ಪಿನೊಡನೆ ಅರೆದು ಕಜ್ಜಿಗೆ ಹಚ್ಚುತ್ತಾರೆ. ಹೊಟ್ಟೆಗೆ ತೆಗೆದುಕೊಳ್ಳುವುದು ಬೇರೆ ಮಾತು: ಜಿ6ಪಿಡಿ ಕಿಣ್ವದ ಕೊರತೆಯಿರುವವರಲ್ಲಿ ಕೆಂಪು ರಕ್ತಕಣಗಳು ಒಡೆದು ಜೀವಕ್ಕೇ ಅಪಾಯವಾಗಬಹುದು. ಬೆಕ್ಕಿಗೆ ಬೇರು ಕೊಡುವವರು ಅದು ಬೆಳೆದ ನೆಲವನ್ನೂ ನೋಡಬೇಕು. ಎಲೆಕ್ಟ್ರೋಪ್ಲೇಟಿಂಗ್ ಘಟಕಗಳಿರುವ ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿರುವುದು ದೃಢಪಟ್ಟಿದೆ. ಅಲ್ಲಿನ ಚರಂಡಿಯಂಚಿನ ಗಿಡ ಬೇಡ. ಕುಂಡದಲ್ಲಿ ಒಳ್ಳೆಯ ಮಣ್ಣು ಹಾಕಿ ಬೀಜ ಚೆಲ್ಲಿದರೆ ತಾನೇ ಹುಟ್ಟುತ್ತದೆ.