ಕಾಲುವೆಯ ಅಲೆ, ಗಾಜಿನೆಳೆಯ ಬೆಳಕು

1834ರ ಆಗಸ್ಟ್. ಸ್ಕಾಟ್ಲೆಂಡ್‌ನ ಎಡಿನ್‌ಬರೋ ಹತ್ತಿರದ ಯೂನಿಯನ್ ಕಾಲುವೆ. ಕುದುರೆಗಳು ಎಳೀತಿದ್ದ ದೋಣಿ ಥಟ್ ಅಂತ ನಿಂತುಬಿಡ್ತು. ಆದರೆ ಅದರ ಮುಂದೆ ಎದ್ದಿದ್ದ ನೀರಿನ ದಿಬ್ಬ ನಿಲ್ಲಲಿಲ್ಲ! ಎಂಜಿನಿಯರ್ ಜಾನ್ ಸ್ಕಾಟ್ ರಸೆಲ್ ಕುದುರೆ ಮೇಲೆ ಅದರ ಬೆನ್ನು ಹತ್ತಿದರು. ಗಂಟೆಗೆ ಎಂಟೊಂಬತ್ತು ಮೈಲಿ ವೇಗ. ಒಂದೆರಡು ಮೈಲಿ ದಾಟಿದರೂ ಅಲೆ ಹರಡಿ ಚದುರಿ ಹೋಗಲಿಲ್ಲ.

ಇದು ಹೇಗೆ ಸಾಧ್ಯ? ಅಂದಿನ ದೊಡ್ಡ ಗಣಿತಜ್ಞರಾದ ಏರಿ, ಸ್ಟೋಕ್ಸ್ ಇಬ್ಬರಿಗೂ ಅನುಮಾನ. ಅವರ ಲೆಕ್ಕಕ್ಕೆ ಇಂಥ ಅಲೆ ಕೂಡುತ್ತಿರಲಿಲ್ಲ. ರಸೆಲ್ ಸುಮ್ಮನಾಗಲಿಲ್ಲ, ತೊಟ್ಟಿ ಕಟ್ಟಿ ಮತ್ತೆ ಮತ್ತೆ ಅಲೆ ಎಬ್ಬಿಸಿ ಅಳೆದರು. 1870ರ ದಶಕದಲ್ಲಿ ಬೂಸಿನೆಸ್ಕ್ ಮತ್ತು ರೇಲಿ ಹೊಸ ಲೆಕ್ಕ ಹಾಕಿದಾಗ ಗೊತ್ತಾಯ್ತು, ರಸೆಲ್ ಕಂಡದ್ದೇ ಸರಿ! 1965ರಲ್ಲಿ ಜಬುಸ್ಕಿ, ಕ್ರುಸ್ಕಲ್ ಇಂಥ ಅಲೆಗಳಿಗೆ 'ಸಾಲಿಟಾನ್' ಅಂತ ಹೆಸರಿಟ್ಟರು.

ಈಗ ಕಾಲುವೆ ಬಿಟ್ಟು ಆಪ್ಟಿಕಲ್ ಫೈಬರ್‌ಗೆ ಬನ್ನಿ. ಇಲ್ಲಿ ಮಾಹಿತಿ ಹೊರೋದು ಬೆಳಕಿನ ಪುಟ್ಟ ಪಲ್ಸ್‌ಗಳು. ಒಂದೊಂದು ಪಲ್ಸ್‌ನಲ್ಲೂ ಹಲವು ತರಂಗಾಂತರಗಳಿರುತ್ತವೆ, ಗಾಜಿನೊಳಗೆ ಅವುಗಳ ವೇಗ ಬೇರೆ ಬೇರೆ. ಹಾಗಾಗಿ ಪಲ್ಸ್ ಹರಡಿಕೊಂಡು ಪಕ್ಕದ್ದರ ಜೊತೆ ಕಲಸಿಹೋಗುತ್ತೆ.

1973ರಲ್ಲಿ ಬೆಲ್ ಲ್ಯಾಬ್ಸ್‌ನ ಅಕಿರಾ ಹಸೆಗಾವಾ ಮತ್ತು ಫ್ರೆಡರಿಕ್ ಟ್ಯಾಪರ್ಟ್ ಹೇಳಿದ್ದು: ಇದಕ್ಕೆ ಮದ್ದು ಗಾಜಿನಲ್ಲೇ ಇದೆ. ಬೆಳಕು ತೀವ್ರವಾದರೆ ಗಾಜಿನ ವಕ್ರೀಭವನ ಸೂಚ್ಯಂಕ ಚೂರು ಹೆಚ್ಚುತ್ತೆ. ಆಗ ಪಲ್ಸ್‌ನ ಮುಂಭಾಗ ಕೆಂಪಿನ ಕಡೆಗೂ ಹಿಂಭಾಗ ನೀಲಿಯ ಕಡೆಗೂ ವಾಲುತ್ತೆ. ತರಂಗಾಂತರ 1.3 ಮೈಕ್ರೋಮೀಟರ್ ದಾಟಿದ ಮೇಲೆ ಸಾಮಾನ್ಯ ಫೈಬರ್‌ನಲ್ಲಿ ನೀಲಿ ಕಡೆಯದ್ದೇ ಬೇಗ ಓಡೋದು. ಅಂದ್ರೆ ಹಿಂದಿನದು ಮುಂದಿನದನ್ನು ಹಿಡಿಯುತ್ತೆ, ಪಲ್ಸ್ ಕುಗ್ಗುತ್ತೆ. ಹರಡೋದೂ ಕುಗ್ಗೋದೂ ಸರಿಸಮ ಆದ್ರೆ? ಆಕಾರ ಹಾಗೇ ಉಳಿಯುತ್ತೆ. ರಸೆಲ್‌ರ ಅಲೆಯ ಥರಾನೇ!

ಇದನ್ನು ಕಣ್ಣಾರೆ ಕಾಣಲು 7 ವರ್ಷ ಬೇಕಾಯ್ತು. 1980ರಲ್ಲಿ ಮಾಲೆನೌರ್, ಸ್ಟೋಲನ್, ಗಾರ್ಡನ್ 700 ಮೀಟರ್ ಫೈಬರ್‌ನಲ್ಲಿ ಸುಮಾರು 7 ಪಿಕೋಸೆಕೆಂಡ್‌ನ ಪಲ್ಸ್ ಹಾಯಿಸಿದರು. ಒಂದು ಸೆಕೆಂಡನ್ನು ಲಕ್ಷ ಕೋಟಿ ಚೂರು ಮಾಡಿದರೆ, ಅದರಲ್ಲಿ ಏಳೇ ಚೂರು! ಸರಿಯಾದ ಶಕ್ತಿ ಕೊಟ್ಟಾಗ ಆಕಾರ ಉಳೀತು. ಇನ್ನೂ ಹೆಚ್ಚಿಸಿದಾಗ ಪಲ್ಸ್ ಸಣ್ಣಗಾಯ್ತು, ಆಮೇಲೆ ಒಡೆದು ಹೋಳಾಯ್ತು.

ಆದರೆ ದೂರ ಹೋದಂತೆ ಬೆಳಕು ಮಂಕಾಗುತ್ತಲ್ವಾ? ದಾರಿಯಲ್ಲಿ ಶಕ್ತಿ ತುಂಬಲು ಬಳಸಿದ್ದು ಯಾವುದನ್ನ ಗೊತ್ತಾ? ಸಿ.ವಿ. ರಾಮನ್ 1928ರಲ್ಲಿ ಕಲ್ಕತ್ತಾದಲ್ಲಿ ಕಂಡುಹಿಡಿದ ರಾಮನ್ ಪರಿಣಾಮವನ್ನ. ಅದರ ನೆರವಿನಿಂದ 1988ರಲ್ಲಿ ಮಾಲೆನೌರ್ ಮತ್ತು ಸ್ಮಿತ್, ಸಾಲಿಟಾನ್‌ಗಳನ್ನು 4000 ಕಿ.ಮೀ.ಗೂ ಹೆಚ್ಚು ದೂರ ಓಡಿಸಿದರು.

ಲ್ಯಾಬ್‌ನಲ್ಲಿ ನಿಮ್ಮ ರೀಡಿಂಗ್ ಪುಸ್ತಕದ ಲೆಕ್ಕಕ್ಕೆ ಕೂಡಲಿಲ್ಲ ಅಂದ್ರೆ ತಕ್ಷಣ ಅಳಿಸಿಹಾಕಬೇಡಿ. ರಸೆಲ್ ಮಾಡಿದ ಹಾಗೆ ಇನ್ನೊಮ್ಮೆ ಅಳೆಯಿರಿ. ಆಗಲೂ ಅದೇ ಬಂದ್ರೆ, ಬರೆದಿಡಿ.

#ವಿಜ್ಞಾನದಇತಿಹಾಸ #ಬೆಳಕಿನಕಥೆ